ಹೊತ್ತವಳು ನಿಂತ ದಿನ

ನನ್ನ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಕಾಯಿಲೆಯಲ್ಲ, ಕಸುಬು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ನಾನು ಹಮಾಲಿ. ಲಾರಿಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಲಾರಿಗೆ ಮೂಟೆ ಹೊರುತ್ತೇನೆ. ಹೆಂಗಸರೂ ಹೊರುತ್ತಾರಾ ಎಂದು ಕೇಳುವವರಿದ್ದಾರೆ. ಹೊರುತ್ತೇವೆ. ಗಂಡಸರಷ್ಟೇ ಹೊರುತ್ತೇವೆ, ಅವರಿಗಿಂತ ಕಡಿಮೆ ನರಳುತ್ತೇವೆ.

ನಮ್ಮ ಕಸುಬಿಗೆ ಎರಡೇ ಕಾನೂನು. ಒಂದು, ಹೊತ್ತ ಮೇಲೆ ನಿಲ್ಲಬೇಡ. ಲಾರಿಗೂ ಉಗ್ರಾಣಕ್ಕೂ ನಡುವೆ ಒಂದು ಹಲಗೆ ಹಾಕಿರುತ್ತಾರೆ. ಅದರ ಮೇಲೆ ಒಬ್ಬರ ಹಿಂದೊಬ್ಬರು ಇರುವೆಸಾಲಿನ ಹಾಗೆ ಹೋಗುತ್ತೇವೆ. ಮುಂದಿನವರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ನಿಂತವರ ತಲೆಯ ಮೇಲೆ ಮೂಟೆ ಎರಡರಷ್ಟು ತೂಗುತ್ತದೆ. ಇನ್ನೊಂದು, ಕೆಡವಬೇಡ. ಕೆಡವಿದರೆ ಮೂಟೆ ಒಡೆಯುತ್ತದೆ, ಸಾಹುಕಾರನ ಬಾಯಿಯೂ ಒಡೆಯುತ್ತದೆ. ಮೂಟೆಯನ್ನು ಮಗುವನ್ನು ಮಲಗಿಸಿದ ಹಾಗೆ ಇಳಿಸಬೇಕು. ನಮ್ಮ ಮಕ್ಕಳನ್ನು ನಾವು ಅಷ್ಟು ನಯವಾಗಿ ಮಲಗಿಸಿಲ್ಲ.

ಪೊಟ್ಟಣ ನನ್ನ ಅಕ್ಕನ ಮಗಳು. ಅಕ್ಕ ಹೋದ ಮೇಲೆ ನಾನೇ ಸಾಕಿದೆ. ಕುಳ್ಳಿ, ಅಗಲವಾದ ಭುಜ, ಗೀರಿದರೆ ಹೊತ್ತಿಕೊಳ್ಳುವ ಸಿಟ್ಟು. ನಮ್ಮ ಗ್ಯಾಂಗಿನವರು ಬೆಂಕಿಪೊಟ್ಟಣ ಎಂದು ಹೆಸರಿಟ್ಟರು. ಕೂಗಲು ಉದ್ದವಾಯಿತೆಂದು ಬೆಂಕಿ ಬಿಟ್ಟು ಪೊಟ್ಟಣ ಉಳಿಸಿಕೊಂಡರು. ಬೆಂಕಿ ಅವಳ ಹತ್ತಿರವೇ ಉಳಿಯಿತು. ಅದು ನಮ್ಮ ಮನೆತನದ ಆಸ್ತಿ. ಬೇರೆ ಆಸ್ತಿ ಇಲ್ಲ.

ಶಾಲೆಯ ಆಟೋಟದಲ್ಲಿ ಅವಳು ಎಸೆದ ಕಬ್ಬಿಣದ ಗುಂಡು ಮೈದಾನದಾಚೆ ನಿಂತಿದ್ದ ಮೇಷ್ಟ್ರ ಸ್ಕೂಟರಿಗೆ ಬಡಿದು ಗುಳಿ ಬೀಳಿಸಿತು. ಬೈಯಲು ಬಂದ ಮೇಷ್ಟ್ರೇ ಅವಳನ್ನು ಭಾರ ಎತ್ತುವವರ ಹಾಸ್ಟೆಲಿಗೆ ಸೇರಿಸಿದರು. ಕ್ರೀಡಾ ಸಂಘದವರು ನಡೆಸುವ ಹಾಸ್ಟೆಲು. ಊಟ, ಓದು, ಮಂಚ ಎಲ್ಲ ಅವರದೇ. ಇವಳ ನೆತ್ತಿ ಬೋಳಾಗುವುದಿಲ್ಲ ಎಂದುಕೊಂಡು ನಾನು ಆ ದಿನ ಮೂಟೆ ಹೊತ್ತೇ ಕುಣಿದೆ. ಹಿಂದಿನವರೆಲ್ಲ ಬೈದರು.

ಅಲ್ಲಿ ಅವಳಿಂದ ಏನು ಎತ್ತಿಸುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ನೀರಿನ ಕ್ಯಾನು. ಗ್ಯಾಸಿನ ಸಿಲಿಂಡರು. ಬೇರೆ ಹುಡುಗಿಯರ ಟ್ರಂಕು. ಎಲ್ಲವನ್ನೂ ಕೆಳಗಿನಿಂದ ಮೇಲಿನ ಮಹಡಿಗೆ. ಯಾಕೆ ನಾನೇ ಎಂದು ಕೇಳಿದರೆ ಒಂದೇ ಉತ್ತರ: "ನಿಂಗೆ ಅಭ್ಯಾಸ ಇದೆಯಲ್ಲ."

ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಅಭ್ಯಾಸವನ್ನು ಯಾರೂ ತಾಯಿ ಹೊಟ್ಟೆಯಿಂದ ತರುವುದಿಲ್ಲ. ತಲೆಯ ಮೇಲೆ ಇಟ್ಟು ಇಟ್ಟು ಮಾಡಿಸುತ್ತಾರೆ. ಮಾಡಿಸಿದ ಮೇಲೆ ಇದೆಯಲ್ಲ ಎನ್ನುತ್ತಾರೆ. ಬೇರೆ ಹುಡುಗಿಯರು ಬೆಳಗ್ಗೆ ರಾಡು ಹಿಡಿದು ಕಲಿಯುವಾಗ ಇವಳು ಮೆಟ್ಟಿಲ ಮೇಲಿರುತ್ತಿದ್ದಳು. ಇವಳ ಕೈಗೆ ರಾಡು ಸಿಗುವ ಹೊತ್ತಿಗೆ ತೋಳು ಸತ್ತಿರುತ್ತಿತ್ತು. "ಈ ಹುಡುಗಿ ಮುಂದೆ ಬರ್ತಿಲ್ಲ" ಎಂದು ಅವರೇ ಷರಾ ಬರೆದರು.

ಒಂದು ದಿನ ಸಂಘದ ಕಾರ್ಯದರ್ಶಿಯ ಕೋಣೆಗೆ ಹೊಸ ಫ್ರಿಜ್ ಬಂತು. ಅದೂ ಇವಳ ಬೆನ್ನಿಗೇ. ಕಾರ್ಯದರ್ಶಿ ಕೆಳಗೆ ನಿಂತು ಕೂಗುತ್ತಿದ್ದ: "ಗೋಡೆಗೆ ತಾಗಿಸ್ಬೇಡ, ಹೊಸ ಬಣ್ಣ. ನಿನ್ನ ಕೈ ತರಚಿದ್ರೂ ಚಿಂತೆಯಿಲ್ಲ, ಗೋಡೆ ತರಚಬಾರದು."

ಪೊಟ್ಟಣ ಮೆಟ್ಟಿಲು ತಿರುಗುವ ಕಡೆ ಫ್ರಿಜ್ ಇಳಿಸಿದಳು. ಸಂದಿಯಲ್ಲಿ ನುಸುಳಿ ಕೆಳಗೆ ಬಂದು ತಿಂಡಿಗೆ ಕೂತಳು. ಮೇಲಿದ್ದವರು ಮೇಲೇ ಉಳಿದರು, ಕೆಳಗಿದ್ದವರು ಕೆಳಗೇ. ಸಂದಿಯಲ್ಲಿ ತೂರಲು ಹೋದ ವಾರ್ಡನ್ನಮ್ಮ ಅರ್ಧಕ್ಕೆ ಸಿಕ್ಕಿಕೊಂಡರು. ಕಾರ್ಯದರ್ಶಿ ಬಂದು ಅರಚಿದ: "ಮೂಟೆ ಹೊರೋರಿಗೆ ಮಂಚ ಕೊಟ್ರೆ ಹೀಗೇ ಆಗೋದು!" ಪೊಟ್ಟಣ ಎದ್ದಳು. ಅವನ ಕೈಯಲ್ಲಿದ್ದ ಮೊಬೈಲು ಕಿತ್ತುಕೊಂಡಳು. ನೀರಿನ ಡ್ರಮ್ಮಿಗೆ ಹಾಕಿದಳು.

ಅದೇ ದಿನ ಅವಳನ್ನು ಹೊರಗೆ ಹಾಕಿದರು.

"ಗುಳುಕ್ ಅಂತು ಚಿಕ್ಕಮ್ಮಾ" ಎಂದು ಬಾಗಿಲಲ್ಲಿ ನಿಂತು ಹೇಳಿದಳು. ನಾನು ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಡ್ರಮ್ಮು ಎಷ್ಟು ಆಳ ಇತ್ತು ಎಂದು ಕೇಳಿದೆ. ಇಬ್ಬರೂ ನೆಲಕ್ಕೆ ಕೂತು ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಅವಳೂ ನಮ್ಮ ಸಾಲಿಗೆ ಸೇರಿದಳು. ದಿನಾ ಒಬ್ಬರ ಜೊತೆ ಜಗಳ. ಉಗ್ರಾಣದ ಕಾವಲುಗಾರನ ಟೋಪಿ ಚರಂಡಿಗೆ ಹೋಯಿತು. ಒಬ್ಬ ಚಾಲಕನ ಮೂಗು ಒಡೆಯಿತು. ತುಟಿ ಒಡೆದುಕೊಂಡು ಮನೆಗೆ ಬರುತ್ತಿದ್ದಳು, ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಒಂದು ಬೆಳಗ್ಗೆ ಅವಳ ತಲೆ ಬಾಚುತ್ತಿದ್ದೆ. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು.

"ಏನು ಚಿಕ್ಕಮ್ಮ?"

"ಏನಿಲ್ಲ. ಸಿಕ್ಕು."

ಮಾರುಕಟ್ಟೆಯ ಎದುರು ಲಾರಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿಯಿದೆ. ಅದರವನನ್ನು ಎಲ್ಲರೂ ಪಂಕ್ಚರ್ ಮಾವ ಎನ್ನುತ್ತಾರೆ. ಆನೆಯಂಥ ಮೈ, ಇಲಿಯಂಥ ದನಿ. ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಒಂದು ಮಧ್ಯಾಹ್ನ ಒಬ್ಬ ಲಾರಿ ಕ್ಲೀನರು ಪೊಟ್ಟಣಳ ನಡಿಗೆಯನ್ನು ಅಣಕಿಸಿದ. ಇವಳು ಪಕ್ಕದಲ್ಲಿದ್ದ ಲಾರಿ ಚಕ್ರವನ್ನೇ ಎತ್ತಿ ಎಸೆದಳು. ಕ್ಲೀನರು ಹಾರಿ ತಪ್ಪಿಸಿಕೊಂಡ. ಚಕ್ರ ಉರುಳುತ್ತ ರಸ್ತೆ ದಾಟಿ ಪಂಕ್ಚರ್ ಮಾವನ ಅಂಗಡಿಗೆ ನುಗ್ಗಿ ಅವನ ಟೀ ಲೋಟವನ್ನು ಬೀಳಿಸಿ ಮಲಗಿತು.

ಮಾವ ಚಕ್ರ ನೋಡಿದ. ಚೆಲ್ಲಿದ ಟೀ ನೋಡಿದ. ಇವಳನ್ನು ನೋಡಿದ. ಕೀಚಲು ದನಿಯಲ್ಲಿ ಹೇಳಿದ: "ಟೀ ಹೋಯ್ತು, ಹೋಗ್ಲಿ. ಇನ್ನೊಂದ್ಸಲ ಎತ್ತು ನೋಡೋಣ."

"ಯಾಕೆ?"

"ಬೆನ್ನಲ್ಲಿ ಎತ್ತಿದ್ಯೋ ಕಾಲಲ್ಲಿ ಎತ್ತಿದ್ಯೋ, ಟೀ ನೋಡ್ತಿದ್ದೆ, ಕಾಣಲಿಲ್ಲ."

ಹೀಗೆ ಶುರುವಾಯಿತು. ಅಂಗಡಿಯ ಗೋಡೆಯುದ್ದಕ್ಕೂ ಒಂದು ಸಲಾಕೆಗೆ ಟ್ಯೂಬುಗಳನ್ನು ನೇತುಹಾಕಿದ್ದ. ಅದು ಅವನು ವಯಸ್ಸಿನಲ್ಲಿ ಎತ್ತುತ್ತಿದ್ದ ರಾಡು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದೇ ಸಂಘದಲ್ಲಿ, ಅದೇ ಹಾಸ್ಟೆಲಿನಲ್ಲಿ ಇದ್ದವನು. ದೊಡ್ಡ ಸ್ಪರ್ಧೆಗೆ ಹೋಗುವ ಹಿಂದಿನ ವಾರ ಆಗಿನ ಕಾರ್ಯದರ್ಶಿಯ ಮನೆಗೆ ಮರದ ಬೀರು ಸಾಗಿಸಲು ಕರೆದರಂತೆ. ಮೆಟ್ಟಿಲಲ್ಲಿ ಬೀರು ಜಾರಿತು. ಭುಜ ಕಳಚಿತು.

"ಏನಂದ್ರು ಗೊತ್ತಾ?" ಮಾವ ನಗುತ್ತ ಕೇಳಿದ. ಅವನು ನಗುವಾಗಲೂ ಕಣ್ಣಲ್ಲಿ ನೀರು ಬರುತ್ತದೆ, ಅಳುವಾಗಲೂ ಬರುತ್ತದೆ, ಯಾವುದೆಂದು ತಿಳಿಯುವುದು ಕಷ್ಟ. "ಬೀರುಗೆ ಏನಾದ್ರೂ ಆಯ್ತಾ ಅಂದ್ರು."

ಪೊಟ್ಟಣ ನಗಲಿಲ್ಲ. "ನೀವು ಏನ್ ಮಾಡಿದ್ರಿ ಮಾವ?"

"ಏನೂ ಮಾಡ್ಲಿಲ್ಲ. ನನಗೆ ಡ್ರಮ್ಮು ಹೊಳೀಲಿಲ್ಲ ನೋಡು."

ರಾಡಿನ ಎರಡು ತುದಿಗೆ ಹಳೆಯ ಲಾರಿ ರಿಮ್ಮುಗಳನ್ನು ಕಟ್ಟಿದ. ಹಲಗೆ ತಾತ ನಮ್ಮ ಗ್ಯಾಂಗಿನ ಹಿರಿಯ. ಹಲಗೆಯ ಮೇಲೆ ಸಾಲಿಗೆ ಮುಂದೆ ಹೋಗುವವನು ಅವನೇ, ಅದಕ್ಕೆ ಆ ಹೆಸರು. ಅವನು ಟೀ ಅಂಗಡಿ ಮುಂದೆ ಎಲ್ಲರನ್ನೂ ನಿಲ್ಲಿಸಿ ತೀರ್ಪು ಕೊಟ್ಟ: "ಇವತ್ತಿಂದ ಪೊಟ್ಟಣ ಮೂಟೆ ಮುಟ್ಟೋ ಹಾಗಿಲ್ಲ. ಅವಳ ಪಾಲಿನ ಮೂಟೆ ನಾವು ಹಂಚಿಕೊಳ್ಳೋಣ. ಮೈ ಗಟ್ಟಿಯಾಗೋಕೆ ನಾವು ಕೊಡಿಸೋ ಮೊಟ್ಟೆ ಮಾತ್ರ ಅವಳೇ ತಿನ್ಲಿ, ಅದನ್ನ ಹಂಚೋದು ಬೇಡ."

ಸಂಘದವರು ವರ್ಷಕ್ಕೊಂದು ಸಲ ಹಾಸ್ಟೆಲಿಗೆ ಆಯ್ಕೆ ನಡೆಸುತ್ತಾರೆ. ಯಾರು ಬೇಕಾದರೂ ಎತ್ತಬಹುದು, ಹಾಸ್ಟೆಲಿನಲ್ಲಿ ಇರುವವರೂ ಮತ್ತೆ ಎತ್ತಿ ಜಾಗ ಉಳಿಸಿಕೊಳ್ಳಬೇಕು. ತೀರ್ಪುಗಾರರು ಹೊರಊರಿನವರು. ತಮ್ಮ ಮೈತೂಕದ ಗುಂಪಿನಲ್ಲಿ ಮೊದಲು ಬಂದವರನ್ನು ಸೇರಿಸಿಕೊಳ್ಳಲೇಬೇಕು, ಕಾರ್ಯದರ್ಶಿ ತಲೆಕೆಳಗಾಗಿ ನಿಂತರೂ ತಪ್ಪಿಸುವಂತಿಲ್ಲ. ಪಕ್ಕದಲ್ಲಿ ನಿಲ್ಲಲು ಒಬ್ಬ ಗುರು ಬೇಕು, ಅಷ್ಟೇ. ಮಾವ ತಾನು ನಿಲ್ಲುತ್ತೇನೆ ಎಂದ. ಕಾರ್ಯದರ್ಶಿ ಹೇಳಿಕಳಿಸಿದ: ಮೊದಲು ಎಲ್ಲರ ಮುಂದೆ ಕ್ಷಮೆ ಕೇಳಲಿ. ಪೊಟ್ಟಣ ಹೇಳಿಕಳಿಸಿದಳು: ಮೊಬೈಲಿಗೆ ಬೇಕಾದರೆ ಕೇಳುತ್ತೇನೆ, ಅದು ತಪ್ಪು ಮಾಡಿರಲಿಲ್ಲ.

ಮಾವ ಅವಳ ಸಿಟ್ಟನ್ನು ಇಳಿಸಲು ಹೋಗಲಿಲ್ಲ. "ಸಿಟ್ಟು ಬಿಡು ಅಂತ ಎಲ್ಲ ಹೇಳ್ತಾರೆ. ಬಿಡ್ಬೇಡ. ಆದ್ರೆ ಕಂಡವರ ಮೇಲೆ ಎಸೀಬೇಡ. ಎದೆ ತನಕ ತಾ. ಅಲ್ಲಿ ಒಂದು ಉಸಿರು ತಗೋ. ಆಮೇಲೆ ಮೇಲಕ್ಕೆ ನೂಕು" ಎನ್ನುತ್ತಿದ್ದ. ದಿನಾ ಬೆಳಗ್ಗೆ, ದಿನಾ ಸಂಜೆ. ಅವಳ ಅಂಗೈ ಸುಲಿಯಿತು, ಗಟ್ಟಿಯಾಯಿತು, ಮತ್ತೆ ಸುಲಿಯಿತು. ಕೊರಳೆಲುಬಿನ ಮೇಲೆ ರಾಡು ಕೂತ ಕಡೆ ನೀಲಿಗಟ್ಟಿತು. ಜಗಳ ಮಾತ್ರ ಕಡಿಮೆಯಾಯಿತು. ಕ್ಲೀನರು ಅಣಕಿಸಿದರೆ, "ಪುಣ್ಯಾತ್ಮ, ಸಂಜೆ ತನಕ ನೆನಪಿಟ್ಕೋತೀನಿ, ಇನ್ನೊಂದು ರಿಮ್ ಹಾಕಬಹುದು" ಎನ್ನುತ್ತಿದ್ದಳು.

ಒಂದೇ ತೊಂದರೆ. ಎತ್ತಿದ ಮೇಲೆ ನಡೆಯುತ್ತಿದ್ದಳು.

ಭಾರವನ್ನು ತಲೆಯ ಮೇಲೆ ಹಿಡಿದು ಅಲ್ಲಾಡದೆ ನಿಲ್ಲಬೇಕು. ತೀರ್ಪುಗಾರರು ಇಳಿಸು ಎಂದ ಮೇಲೆ ಬಿಡಬೇಕು. ಅದು ಆಟದ ನಿಯಮ. ನಮ್ಮ ಕಾಲಿಗೆ ಆ ನಿಯಮ ಎಲ್ಲಿ ಗೊತ್ತು? ತಲೆಯ ಮೇಲೆ ಭಾರ ಬಂತೆಂದರೆ ಕಾಲು ಹೊರಡುತ್ತದೆ. ಮೊದಲ ದಿನ ಅವಳು ರಾಡು ಎತ್ತಿದವಳೇ ನೇರ ಅಂಗಡಿ ಬಿಟ್ಟು ರಸ್ತೆಗೆ ಬಂದಳು. ಬಸ್ಸು ನಿಂತಿತು. ಮಾವ ಹಿಂದೆ ಓಡಿದ: "ಎಲ್ಲಿಗಮ್ಮಾ ಡೆಲಿವರಿ?"

ಆಮೇಲೆ ನೆಲದ ಮೇಲೆ ಒಂದು ಟ್ಯೂಬು ಇಟ್ಟು ಅದರೊಳಗೆ ನಿಲ್ಲಿಸಿದ. ಕಾಲಿಗೆ ಟ್ಯೂಬು ತಾಗಿದರೆ ನೆನಪಾಗುತ್ತಿತ್ತು, ನಿಲ್ಲುತ್ತಿದ್ದಳು. ಬಿಟ್ಟಿತು ಚಾಳಿ ಎಂದುಕೊಂಡೆವು. ಟ್ಯೂಬನ್ನು ಆಯ್ಕೆಗೆ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ಯಾರ ತಲೆಗೂ ಹೋಗಲಿಲ್ಲ.

ಆಯ್ಕೆಯ ದಿನ ಇಡೀ ಗ್ಯಾಂಗು ಕೆಲಸಕ್ಕೆ ರಜೆ ಹಾಕಿತು. ಒಗೆದ ಬಟ್ಟೆ, ಎಣ್ಣೆ ಹಚ್ಚಿದ ತಲೆ. ಸಂಘದ ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಸಾಮಾನು ಹಿಂದಿನ ಬಾಗಿಲಿಂದ."

"ಸಾಮಾನೆಲ್ಲಿದೆ ಮಾರಾಯ?" ಹಲಗೆ ತಾತ ಎರಡೂ ಕೈ ಎತ್ತಿ ತೋರಿಸಿದ. "ನಾವೇ ಬಂದಿರೋದು."

ಒಳಗೆ ಮೆತ್ತನೆಯ ಕುರ್ಚಿ. ನಾವು ಎರಡನೇ ಸಾಲಿನಲ್ಲಿ ಕೂತೆವು. ಮೂಟೆ ಹೊರುವ ಬೆನ್ನುಗಳಿಗೆ ಮೆತ್ತನೆಯದು ಒಗ್ಗುವುದಿಲ್ಲ, ಎಲ್ಲರೂ ತುದಿಯಲ್ಲೇ ಕೂತರು. ಮುಂದೆ ಮರದ ಅಟ್ಟಣೆ, ಅದರ ಮೇಲೆ ಬರಿಯ ರಾಡು. ಕಬ್ಬಿಣದ ತಟ್ಟೆಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವನ್ನು ತಂದು ಜೋಡಿಸಲು ಗೊತ್ತುಮಾಡಿದ್ದ ಆಳುಗಳು ಬಂದಿರಲಿಲ್ಲ. ಬುದ್ಧಿವಂತರು.

ಕಾರ್ಯದರ್ಶಿ ಗಡಿಯಾರ ನೋಡಿದ. ನಮ್ಮನ್ನು ನೋಡಿದ. ಮುಖ ಅರಳಿತು.

"ಓಹೋ, ನೀವೆಲ್ಲ ಹೇಗೂ ಬಂದಿದ್ದೀರಲ್ಲ! ಏಳಿ ಏಳಿ. ಒಂದೊಂದು ಕೈ ಹಾಕಿ. ನಿಮಗೆ ಇದೇನು ಲೆಕ್ಕ, ಅಭ್ಯಾಸ ಇದೆಯಲ್ಲ."

ಹಲಗೆ ತಾತ ಎದ್ದೇಬಿಟ್ಟ. ತಪ್ಪು ಅವನದಲ್ಲ. ಏಳು ಎಂದರೆ ಅವನ ಮೊಣಕಾಲು ಅವನನ್ನು ಕೇಳುವುದಿಲ್ಲ. ನಾನು ಅವನ ಹೆಗಲ ಟವೆಲು ಹಿಡಿದು ಎಳೆದು ಕೂರಿಸಿದೆ.

"ಇವತ್ತು ಹೊರಲ್ಲ" ಎಂದೆ.

"ಏನಂದೆ?"

"ಇವತ್ತು ಹೊರಲ್ಲ ಅಂದೆ ಸಾಹೇಬ್ರೇ. ನೋಡೋಕೆ ಬಂದಿದ್ದೀವಿ."

ಬಿಳಿಗೂದಲಿನ ಮುಖ್ಯ ತೀರ್ಪುಗಾರ್ತಿ ತಲೆಯೆತ್ತಿದರು. ಕಾರ್ಯದರ್ಶಿ ನನ್ನ ಹತ್ತಿರ ಬಗ್ಗಿ, ಹಲ್ಲು ಕಚ್ಚಿಕೊಂಡು ಹೇಳಿದ: "ತಟ್ಟೆ ಜೋಡಿಸೋರಿಲ್ಲ ಅಂದ್ರೆ ಆಯ್ಕೆ ರದ್ದು. ನಿಮ್ಮ ಹುಡುಗಿಗೆ ಮುಂದಿನ ವರ್ಷ ವಯಸ್ಸು ಮೀರುತ್ತೆ. ಯೋಚನೆ ಮಾಡು."

ಯೋಚನೆ ಮಾಡಿದೆ. ಮಾಡದೆ ಇರುತ್ತೇನಾ? ತೆಳ್ಳಗಾದ ಆ ನೆತ್ತಿ ಕಣ್ಣಿಗೆ ಬಂತು. ಒಂದಷ್ಟು ತಟ್ಟೆ. ಒಂದು ಗಂಟೆಯ ಕೆಲಸ. ಲೋಕ ಮುಳುಗುತ್ತದಾ? ಏಳಲು ನನ್ನ ಕೈ ಕುರ್ಚಿಯ ತೋಳಿನ ಮೇಲೆ ಊರಿತು.

ಅಟ್ಟಣೆಯ ಪಕ್ಕದಿಂದ ಪೊಟ್ಟಣ ಕೂಗಿದಳು: "ಚಿಕ್ಕಮ್ಮಾ, ಕೂತ್ಕೋ! ನೀನು ಎದ್ದು ಆ ತಟ್ಟೆ ಮುಟ್ಟಿದ್ರೆ ನಾನು ರಾಡು ಮುಟ್ಟಲ್ಲ. ರದ್ದಾದ್ರೆ ಆಗ್ಲಿ. ಸಾಲಲ್ಲೇ ಇರ್ತೀನಿ."

ಕೂತೆ. ನನ್ನ ಕೈಗಳನ್ನು ನಂಬಲಾಗದೆ ಅವುಗಳ ಮೇಲೇ ಕೂತೆ.

ತೀರ್ಪುಗಾರ್ತಿ ಪೆನ್ನಿನ ಮುಚ್ಚಳ ಹಾಕಿದರು. "ಕಾರ್ಯದರ್ಶಿಗಳೇ, ಜೋಡಿಸೋ ವ್ಯವಸ್ಥೆ ನಿಮ್ಮದು. ಇಲ್ಲ ಅಂದ್ರೆ ಹೇಳಿಬಿಡಿ, ನಾನು ಬಸ್ಸು ಹಿಡೀತೀನಿ."

ಮೊದಲ ಸಾಲಿನಲ್ಲಿ ಹಾಸ್ಟೆಲಿನ ಹುಡುಗಿಯರ ಅಪ್ಪ ಅಮ್ಮಂದಿರು ಕೂತಿದ್ದರು. ದೂರದಿಂದ ಬಂದವರು. ಗುಸುಗುಸು ಗದ್ದಲವಾಯಿತು. "ನೀವೇ ಜೋಡಿಸ್ರೀ! ಎಲ್ಲ ಅವರೇ ಮಾಡ್ಬೇಕಾ?" ಎಂದಳು ಒಬ್ಬ ಅಮ್ಮ. ಅವಳಿಗೆ ನಮ್ಮ ಮೇಲೆ ಪ್ರೀತಿಯೇನಿಲ್ಲ, ಅವಳ ಮಗಳು ಎತ್ತಬೇಕಿತ್ತು. ಪರವಾಗಿಲ್ಲ.

ಕಾರ್ಯದರ್ಶಿ ಕೋಟು ಬಿಚ್ಚಿದ.

ನಾನು ಬಹಳ ನೋಡಿದ್ದೇನೆ. ಆದರೆ ಅದರಷ್ಟು ಸೊಗಸಾದದ್ದು ನೋಡಿಲ್ಲ. ಅವನು ತಟ್ಟೆಯನ್ನು ಹೊಟ್ಟೆಗೆ ಅವಚಿಕೊಂಡು, ಬಸುರಿಯ ಹಾಗೆ ಹಿಂದಕ್ಕೆ ವಾಲಿ, ಉಸ್ ಉಸ್ ಎನ್ನುತ್ತ ಬಂದ. ಕತ್ತಿನ ಟೈ ತಟ್ಟೆಯ ಜೊತೆ ರಾಡಿಗೆ ಸೇರಿಕೊಂಡಿತು. ತಲೆ ಎತ್ತಲು ಹೋದರೆ ಆಗಲಿಲ್ಲ. ಬಿಡಿಸಲು ಇನ್ನೊಬ್ಬ ಬರಬೇಕಾಯಿತು. ನಮ್ಮ ಸಾಲಿನಲ್ಲಿ ಯಾರೋ ಹೇಳಿದರು: "ಸಾಹೇಬ್ರು ಕತ್ತು ಬಗ್ಸಿದ್ದು ಇದೇ ಮೊದಲು, ಸ್ವಲ್ಪ ಹೊತ್ತು ಇರ್ಲಿ ಬಿಡಿ."

ಸ್ಪರ್ಧೆ ನಡೆಯಿತು. ಒಬ್ಬೊಬ್ಬರಿಗೆ ಮೂರು ಅವಕಾಶ. ಹಾಸ್ಟೆಲಿನ ಒಬ್ಬ ಎತ್ತರದ ಹುಡುಗಿ ಎಲ್ಲರಿಗಿಂತ ಹೆಚ್ಚು ಎತ್ತಿ ಮೊದಲಿಗೆ ನಿಂತಳು. ಉಳಿದವಳು ಪೊಟ್ಟಣ ಒಬ್ಬಳೇ. ಮಾವ ಆ ತೂಕಕ್ಕಿಂತ ಒಂದು ಸಣ್ಣ ತಟ್ಟೆ ಹೆಚ್ಚು ಕೇಳಿದ. ಕಾರ್ಯದರ್ಶಿ ಅದನ್ನೂ ತಂದ. ಮೂರರಲ್ಲಿ ಒಂದು ಸಲ ಎತ್ತಿ ನಿಂತರೆ ಹಾಸ್ಟೆಲು ಅವಳದು. ಇಲ್ಲದಿದ್ದರೆ ಮತ್ತೆ ಹಲಗೆ.

ಮೊದಲ ಸಲ. ಎದೆಗೆ ತಂದಳು. ಉಸಿರು. ಮೇಲಕ್ಕೆ ನೂಕಿದಳು. ತೋಳು ನೆಟ್ಟಗಾಯಿತು. ನಾವು ಕಿರುಚಿದೆವು. ಅಷ್ಟರಲ್ಲಿ ಬಲಗಾಲು ಹೊರಟಿತು. ಎಡಗಾಲು ಹಿಂಬಾಲಿಸಿತು. ಅವಳು ಗಂಭೀರವಾಗಿ ಅಟ್ಟಣೆಯುದ್ದಕ್ಕೂ ನಡೆದು, ಅಂಚು ಇಳಿದು, ಕಾರ್ಯದರ್ಶಿಯ ಮೇಜಿನ ಮುಂದೆ ರಾಡನ್ನು ಮಗುವಿನ ಹಾಗೆ ಮಲಗಿಸಿದಳು. ತೀರ್ಪುಗಾರರ ಮೂರೂ ದೀಪ ಕೆಂಪು, ಅಂದರೆ ಒಪ್ಪಲಿಲ್ಲ. ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ರಾಡನ್ನು ಮತ್ತೆ ಅಟ್ಟಣೆಗೆ ಸಾಗಿಸುವವರು ಯಾರೆಂದು ನೆನಪಾಗಿ ನಗು ನಿಲ್ಲಿಸಿದ.

ಎರಡನೇ ಸಲವೂ ಕಾಲು ಹೊರಟಿತು. ತಡೆಯಲು ಹೋಗಿ ತೂಗಾಡಿ ರಾಡನ್ನು ಹಿಂದಕ್ಕೆ ಬಿಟ್ಟಳು. ಮತ್ತೆ ಮೂರೂ ಕೆಂಪು.

ಪೊಟ್ಟಣ ಬಂದು ಮಾವನ ಮುಂದೆ ಕೂತಳು. "ಕಾಲು ನನ್ನ ಮಾತು ಕೇಳ್ತಿಲ್ಲ ಮಾವ. ತಲೆ ಮೇಲೆ ಬಂದ ತಕ್ಷಣ ಹಿಂದೆ ಜನ ಇದ್ದಾರೆ ಅನ್ಸುತ್ತೆ. ನಿಂತ್ರೆ ಬೈತಾರೆ ಅನ್ಸುತ್ತೆ."

ಮಾವ ಅವಳ ಎರಡೂ ಪಾದ ಹಿಡಿದುಕೊಂಡು ಮಂಡಿಯೂರಿ ಕೂತ. ಅವನ ಕೀಚಲು ದನಿ ಎರಡನೇ ಸಾಲಿನ ತನಕ ಕೇಳಿಸಿತು.

"ಹಿಂದೆ ಯಾರೂ ಇಲ್ಲ ಕಣೇ. ನಿನ್ನ ಸಾಲಿನವರೆಲ್ಲ ಇವತ್ತು ಕುರ್ಚಿ ಮೇಲೆ ಕೂತಿದ್ದಾರೆ, ತಿರುಗಿ ನೋಡು. ಆ ಭಾರ ಇದೆಯಲ್ಲ, ಅದು ಯಾವ ಸಾಹುಕಾರನ ಮಾಲೂ ಅಲ್ಲ. ಯಾವ ಉಗ್ರಾಣಕ್ಕೂ ಹೋಗ್ಬೇಕಾಗಿಲ್ಲ. ಅದು ನಿಂದು. ನಿಂದನ್ನ ನೀನು ಎಲ್ಲಿಗೆ ಹೊತ್ಕೊಂಡು ಹೋಗ್ತೀಯ? ಎತ್ತು, ಕತ್ತೆತ್ತು, ಆ ಕಾರ್ಯದರ್ಶಿ ಮುಖ ನೋಡು. ಇಳಿಸು ಅನ್ನೋ ತನಕ ನೋಡ್ತಾನೇ ಇರು. ನೀನು ಇಷ್ಟು ವರ್ಷ ಅವರ ಚಪ್ಪಲಿ ನೋಡಿದ್ದೀಯ, ಮುಖ ನೋಡಿಲ್ಲ."

ಅವಳು ತಿರುಗಿ ನಮ್ಮನ್ನು ನೋಡಿದಳು. ಹಲಗೆ ತಾತ ಆ ಹೊತ್ತಿಗೆ ಕುರ್ಚಿಗೆ ಪೂರ್ತಿ ಒರಗಿ ಕಾಲ ಮೇಲೆ ಕಾಲು ಹಾಕಿದ್ದ. ಜೀವಮಾನದಲ್ಲಿ ಮೊದಲ ಸಲ. ಪೊಟ್ಟಣ ಫಕ್ಕನೆ ನಕ್ಕಳು.

ಮೂರನೇ ಸಲ. ಎದೆಗೆ ಬಂತು. ಉಸಿರು. ಮೇಲಕ್ಕೆ ಹೋಯಿತು. ತೋಳು ನೆಟ್ಟಗಾಯಿತು. ಬಲ ಹಿಮ್ಮಡಿ ಮೇಲೆದ್ದದ್ದು ನನಗೆ ಕಂಡಿತು. ಹಿಮ್ಮಡಿ ಮತ್ತೆ ನೆಲಕ್ಕೆ ಕೂತಿತು.

ನಿಂತಳು.

ಕತ್ತೆತ್ತಿದಳು. ಕಾರ್ಯದರ್ಶಿಯ ಮುಖವನ್ನೇ ನೋಡಿದಳು. ಅವನು ಕನ್ನಡಕ ಸರಿಮಾಡಿಕೊಂಡ. ಕಾಗದ ನೋಡಿದ. ಮತ್ತೆ ತಲೆಯೆತ್ತಿದರೆ ಇವಳು ಇನ್ನೂ ನೋಡುತ್ತಿದ್ದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ರೆಪ್ಪೆ ಮಿಟುಕಿಸಲಿಲ್ಲ. ತೀರ್ಪುಗಾರ್ತಿ ಇಳಿಸು ಎಂದು ಕೈ ಬೀಸಿದರು. ಇವಳು ಇಳಿಸಲಿಲ್ಲ. ಇನ್ನೊಂದು ಉಸಿರು ಹಿಡಿದು ನಿಂತಳು. ಅದು ಆಟಕ್ಕಲ್ಲ, ಅದು ನಮಗೆ.

ಆಮೇಲೆ ಕೈಬಿಟ್ಟಳು.

ಕಬ್ಬಿಣ ಅಟ್ಟಣೆಗೆ ಬಡಿದ ಸದ್ದಿಗೆ ಕಿಟಕಿಯ ಗಾಜು ಅದುರಿತು. ನಮ್ಮ ಗ್ಯಾಂಗಿನವರೆಲ್ಲ ಒಟ್ಟಿಗೆ ಹಾ ಎಂದು ಎದೆ ಹಿಡಿದುಕೊಂಡೆವು. ಕೆಡವಿದಳಲ್ಲಪ್ಪ! ಮರುಕ್ಷಣ ನೆನಪಾಯಿತು. ಕೆಡವಬಹುದು. ಅವಳದೇ. ಮೂರೂ ದೀಪ ಬಿಳಿ. ನಾವು ಕೂಗಿದ ಕೂಗಿಗೆ ಬಾಗಿಲಿನ ಕಾವಲುಗಾರ ಒಳಗೆ ಓಡಿಬಂದ, ಯಾರಿಗೆ ಏನಾಯಿತೆಂದು.

ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಬಂದ. ಅಂಗಿಯ ಹೊಟ್ಟೆಯ ಮೇಲೆ ತಟ್ಟೆಯಾಕಾರದ ಕಪ್ಪು ಕಲೆ. "ಸೋಮವಾರ ಬಂದು ಸೇರ್ಕೋ. ಆದ್ರೆ ಶಿಸ್ತು..."

"ಬರ್ತೀನಿ ಸಾರ್" ಎಂದಳು ಪೊಟ್ಟಣ. "ನೀರಿನ ಕ್ಯಾನಿಗೆ ಸರದಿ ಮಾಡಿ. ನನ್ನ ಸರದಿ ಬಂದಾಗ ನಾನು ಹೊರ್ತೀನಿ. ನಿಮ್ಮ ಸರದಿ ಬಂದಾಗ ನೀವು."

ಎತ್ತರದ ಹುಡುಗಿ ಅಲ್ಲೇ ನಿಂತಿದ್ದಳು. ಸೋತು ಕಣ್ಣು ಕೆಂಪಾಗಿತ್ತು. "ನನ್ನ ಟ್ರಂಕು ಈ ಸಲ ನಾನೇ ಇಳಿಸ್ಕೋತೀನಿ" ಎಂದಳು. ಪೊಟ್ಟಣ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಪ್ರೀತಿಯಿಂದಲೇ, ಆದರೂ ಹುಡುಗಿ ಎರಡು ಹೆಜ್ಜೆ ಮುಂದೆ ಹೋದಳು. ತೀರ್ಪುಗಾರ್ತಿ, "ನಿಮ್ಮ ಹೆಸರೂ ಸರದಿಯಲ್ಲಿ ಇರಲಿ ಕಾರ್ಯದರ್ಶಿಗಳೇ, ತೋಳು ಚೆನ್ನಾಗಿ ಪಳಗ್ತಿದೆ" ಎಂದು ಹೇಳಿ ಬಸ್ಸಿಗೆ ಹೊರಟರು.

ತಟ್ಟೆಗಳು ಅಟ್ಟಣೆಯ ಮೇಲೆ ಬಿದ್ದಿದ್ದವು. ನಾವು ಅವುಗಳನ್ನು ದಾಟಿಕೊಂಡು ಮುಂದಿನ ಬಾಗಿಲಿನಿಂದ ಹೊರಗೆ ಬಂದೆವು. ಎಲ್ಲರ ಕೈಯೂ ಖಾಲಿ. ಖಾಲಿ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ, ಬೀಸಿಕೊಂಡು ನಡೆದೆವು.

ರಸ್ತೆಗೆ ಬಂದ ಮೇಲೆ ಪಂಕ್ಚರ್ ಮಾವನಿಗೆ ತಡೆಯಲಾಗಲಿಲ್ಲ. ಈ ಸಲ ಅಳುವೇ ಎಂದು ಗೊತ್ತಾಗುತ್ತಿತ್ತು. "ಗೆದ್ದವರನ್ನ ಹೆಗಲ ಮೇಲೆ ಹೊತ್ಕೊಂಡು ಮೆರೆಸ್ತಾರೆ. ಎತ್ರೋ ನಮ್ಮ ಹುಡುಗೀನ! ನನ್ನ ಭುಜ ಸರಿಯಿದ್ದಿದ್ರೆ ನಾನೇ ಎತ್ತುತ್ತಿದ್ದೆ."

ಪೊಟ್ಟಣ ನಾಚಿಕೊಂಡು, ಆದರೂ ಎರಡೂ ಕೈ ಚಾಚಿ ಸಿದ್ಧವಾಗಿ ನಿಂತಳು.

ಹಲಗೆ ತಾತ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಇವತ್ತು ಹೊರಲ್ಲ ಅಂದ್ಮೇಲೆ ಹೊರಲ್ಲ" ಎಂದ. "ಅವಳಿಗೇನು ಕಾಲಿಲ್ವಾ? ನಡಿಯೇ."